ಢಾಕಾದಲ್ಲಿ ಹಾರಿದ ನಾಣ್ಯ: 22 ಕಿಕ್‌ಗಳ ನಂತರ ಏನಾಯಿತು?

ಗೋಲ್‌ಕೀಪರೇ ಪೆನಾಲ್ಟಿ ಒದೆಯಲು ಬಂದರು ಅಂದರೆ ಶೂಟೌಟ್ ಎಲ್ಲಿಗೆ ಮುಟ್ಟಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಜನರದ್ದು ಮುಗಿದಿದೆ, ಇನ್ನು ಉಳಿದಿರುವುದು ಗ್ಲೌಸ್ ಹಾಕಿಕೊಂಡವರು ಮಾತ್ರ. 2024ರ ಫೆಬ್ರುವರಿ 8, ಗುರುವಾರ, ಢಾಕಾದ ಕಮಲಾಪುರ ಮೈದಾನ. 19 ವರ್ಷದೊಳಗಿನ ಮಹಿಳೆಯರ ಫುಟ್‌ಬಾಲ್ ಫೈನಲ್ ಸಮವಾಗಿ, ಪೆನಾಲ್ಟಿ ಕಿಕ್‌ಗಳಿಂದ ಗೆದ್ದವರನ್ನು ಆರಿಸುವ ಶೂಟೌಟ್ ನಡೆಯುತ್ತಿತ್ತು. ಎರಡೂ ಕಡೆಯ ಕೀಪರ್‌ಗಳು ಒದೆಯುವ ಸರದಿಯೂ ಬಂತು. ಇಬ್ಬರೂ ಒದ್ದರು, ಇಬ್ಬರದ್ದೂ ಬಲೆ ಸೇರಿತು. ಭಾರತ 11, ಬಾಂಗ್ಲಾದೇಶ 11. 22 ಕಿಕ್, 22 ಗೋಲು.

ಮುಂದೇನು? ಇದಕ್ಕೆ ಫುಟ್‌ಬಾಲ್ ನಿಯಮದ ಪುಸ್ತಕದಲ್ಲಿ ಒಂದೇ ಸಾಲಿನ ಉತ್ತರವಿದೆ. ಆ ಸಂಜೆ ಬೇಕಾದ ಹೊತ್ತಿಗೆ ಆ ಸಾಲು ಕೆಲಸಕ್ಕೆ ಬರಲಿಲ್ಲ. ಬದಲಿಗೆ ನಾಣ್ಯ ಹಾರಿತು. ಒಂದು ತಂಡ ಕುಣಿಯಿತು, ಇನ್ನೊಂದು ಮೈದಾನ ಬಿಡದೆ ನಿಂತಿತು, ಗ್ಯಾಲರಿಯಿಂದ ಬಾಟಲಿಗಳು ಬಿದ್ದವು. ಕೊನೆಗೆ ಒಂದೇ ಕಪ್ಪಿಗೆ ಇಬ್ಬರು ಚಾಂಪಿಯನ್ ಆದರು.

ಈ ಪ್ರಕರಣವನ್ನು ಸುಮಾರು ಜನ ತಮಾಷೆಯ ಸುದ್ದಿಯಾಗಿ ಓದಿ ಬಿಟ್ಟರು. ನನಗೆ ಅದು ತಮಾಷೆ ಅನ್ನಿಸಲಿಲ್ಲ. ಒಂದು ಪಂದ್ಯ ನಡೆಸುವಾಗ ಯಾರ ಮಾತು ಎಲ್ಲಿಯವರೆಗೆ ನಡೆಯಬೇಕು ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಟೂರ್ನಿ ಯಾವುದು, ಸ್ವರೂಪ ಏನು

ಇದು ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್, ಅಂದರೆ ಸ್ಯಾಫ್ ನಡೆಸುವ 19 ವರ್ಷದೊಳಗಿನ ಮಹಿಳೆಯರ ಚಾಂಪಿಯನ್‌ಷಿಪ್. ಸ್ಯಾಫ್‌ನಲ್ಲಿ ಏಳು ದೇಶಗಳಿವೆ: ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನ. ಆ ವರ್ಷ ಆಡಿದ್ದು ಮೊದಲಿನ ನಾಲ್ಕೇ. ಈ ಟೂರ್ನಿಯ ವಯಸ್ಸಿನ ಮಿತಿ ಕೂಡ ಒಂದೇ ಕಡೆ ನಿಂತಿಲ್ಲ. ಒಂದು ವರ್ಷ 18, ಒಂದು ವರ್ಷ 19, ಇನ್ನೊಂದು ವರ್ಷ 20. 2021ರ ಡಿಸೆಂಬರಿನಲ್ಲಿ ಇದೇ ಕಮಲಾಪುರದಲ್ಲಿ ಬಾಂಗ್ಲಾದೇಶ ಫೈನಲ್‌ನಲ್ಲಿ ಭಾರತವನ್ನು 1-0ರಿಂದ ಸೋಲಿಸಿತ್ತು. ಹಾಗಾಗಿ ಎರಡೂ ಕಡೆಯವರಿಗೆ ಹಳೆಯ ಲೆಕ್ಕ ಬಾಕಿ ಇತ್ತು.

ನಾಲ್ಕು ತಂಡ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ಒಂದೊಂದು ಪಂದ್ಯ ಆಡಬೇಕು, ಮೊದಲ ಎರಡು ಸ್ಥಾನದವರು ಫೈನಲ್‌ಗೆ. ಭಾರತ ಭೂತಾನ್ ಮೇಲೆ 10-0, ನೇಪಾಳದ ಮೇಲೆ 4-0 ಗೆದ್ದಿತು. ನಡುವೆ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. ಆ ಗೋಲು ಹೊಡೆದದ್ದು ಸಾಗರಿಕಾ, ಅದೂ ಪಂದ್ಯ ಇನ್ನೇನು ಮುಗಿಯಿತು ಅನ್ನುವಾಗ. ಈ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಪಂದ್ಯಗಳ ದಿನಾಂಕ ನೋಡಿ: ಫೆಬ್ರುವರಿ 2, 4, 6, 8. ಏಳು ದಿನದಲ್ಲಿ ನಾಲ್ಕು ಪಂದ್ಯ. ಹದಿಹರೆಯದ ಕಾಲುಗಳಿಗೆ ಇದು ಕಡಿಮೆ ಕೆಲಸವಲ್ಲ. ಫೈನಲ್ ಸಮವಾದರೆ ಅರ್ಧ ಗಂಟೆಯ ಹೆಚ್ಚುವರಿ ಸಮಯ ಬೇಡ, ನೇರ ಪೆನಾಲ್ಟಿಗೆ ಹೋಗೋಣ ಅನ್ನುವುದು ಕಿರಿಯರ ಟೂರ್ನಿಗಳಲ್ಲಿ ಸಾಮಾನ್ಯ. ಇಲ್ಲೂ ಹಾಗೇ ಆಯಿತು. ಅದರಲ್ಲಿ ತಪ್ಪೇನೂ ಇಲ್ಲ.

ಫೈನಲ್ ಶುರುವಾಗಿ ಎಂಟನೇ ನಿಮಿಷಕ್ಕೆ ಭಾರತದ ಸಿಬಾನಿ ದೇವಿ ಗೋಲು ಹೊಡೆದರು. ಅಲ್ಲಿಂದ ಭಾರತ ಆ ಒಂದು ಗೋಲನ್ನು ಹಿಡಿದುಕೊಂಡು ಕೂತಿತು. 90 ನಿಮಿಷ ಮುಗಿಯಿತು. ಇಂಜುರಿ ಟೈಮ್‌ನಲ್ಲಿ ಮತ್ತೆ ಸಾಗರಿಕಾ. 1-1. ನಾಲ್ಕು ದಿನದಲ್ಲಿ ಎರಡನೇ ಸಲ, ಅದೇ ಹುಡುಗಿ, ಅದೇ ತಂಡದ ಮೇಲೆ, ಕೊನೇ ಗಳಿಗೆಯಲ್ಲಿ! ಮನೆಯಂಗಳದ ಗ್ಯಾಲರಿ ಆಗ ಹೇಗಿದ್ದಿರಬಹುದು ಅಂತ ಊಹಿಸಿಕೊಳ್ಳಿ.

ಆ ಒಂದೂವರೆ ಗಂಟೆ

ಮೊದಲ ಐದೈದು ಕಿಕ್ ಮುಗಿದವು, 5-5. ಅಲ್ಲಿಂದ ಸಡನ್ ಡೆತ್. ಒಬ್ಬರು ತಪ್ಪಿಸಿ ಇನ್ನೊಬ್ಬರು ಹೊಡೆದರೆ ಆಟ ಮುಗಿಯಿತು. ಆರು, ಏಳು, ಎಂಟು... ಯಾರೂ ತಪ್ಪಿಸಲಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿದೆ. ನಾಲ್ಕು ಪೆನಾಲ್ಟಿಯಲ್ಲಿ ಮೂರು ಗೋಲಾಗುತ್ತವೆ ಅಂತ ಇಟ್ಟುಕೊಂಡರೆ, 22ಕ್ಕೆ 22 ಗೋಲಾಗುವ ಸಾಧ್ಯತೆ ಸುಮಾರು 560ರಲ್ಲಿ ಒಂದು. ಅಂದರೆ ಅಪರೂಪ ಹೌದು, ಆದರೆ ಆಗಬಾರದ್ದೇನಲ್ಲ. ನಿಯಮ ಬರೆದವರು ಈ ಸಂದರ್ಭವನ್ನೂ ಯೋಚಿಸಿಯೇ ಬರೆದಿದ್ದಾರೆ.

ವರದಿಗಳ ಪ್ರಕಾರ, 11-11 ಆದ ಮೇಲೆ ರೆಫರಿ ಶೂಟೌಟ್ ಮುಂದುವರಿಸುವ ತಯಾರಿಯಲ್ಲೇ ಇದ್ದರು. ಈ ಒಂದು ವಿವರವೇ ಇಡೀ ಪ್ರಕರಣದ ಕೀಲಿ ಅಂತ ನನ್ನ ಅಭಿಪ್ರಾಯ. ಆಗ ಅವರನ್ನು ತಡೆಯಲಾಯಿತು. ತಡೆದದ್ದು ಮ್ಯಾಚ್ ಕಮಿಷನರ್. ಟಾಸ್ ಹಾಕಿ ತೀರ್ಮಾನ ಮಾಡಿ ಅಂತ ಸೂಚನೆ ಹೋಯಿತು. ರೆಫರಿ ಇಬ್ಬರೂ ನಾಯಕಿಯರನ್ನು ಕರೆದರು. ನಾಣ್ಯ ಮೇಲೆ ಹೋಯಿತು, ಕೆಳಗೆ ಬಂತು. ಭಾರತದ ಪರ ಬಿತ್ತು.

ಭಾರತದ ಹುಡುಗಿಯರು ಸಂಭ್ರಮಿಸಿದರು. ಅವರನ್ನು ತಪ್ಪು ಅನ್ನಲಾಗದು. ರೆಫರಿ ಕರೆದು ಟಾಸ್ ಹಾಕಿ ನೀವು ಗೆದ್ದಿರಿ ಅಂದರೆ ಹದಿನೆಂಟರ ಹುಡುಗಿ ಏನು, ಪುಸ್ತಕ ತೆಗೆದು ನೋಡೋಣ ಅನ್ನುತ್ತಾಳಾ? ಬಾಂಗ್ಲಾದೇಶದ ಆಟಗಾರ್ತಿಯರು ಮೈದಾನ ಬಿಡಲು ಒಪ್ಪಲಿಲ್ಲ. ಅವರದ್ದೂ ತಪ್ಪಲ್ಲ. ಹನ್ನೊಂದು ಜನ ಒದ್ದು ಹನ್ನೊಂದೂ ಗೋಲಾಗಿದೆ, ಆದರೂ ಸೋತೆವು ಅಂದರೆ ಯಾರು ಒಪ್ಪುತ್ತಾರೆ? ಗ್ಯಾಲರಿ ಘೋಷಣೆ ಕೂಗಿತು, ಬಾಟಲಿಗಳು ಮೈದಾನಕ್ಕೆ ಬಂದವು.

ಚರ್ಚೆ ಎಳೆಯುತ್ತಾ ಹೋಯಿತು. ಕೊನೆಗೆ ಕಮಿಷನರ್ ತಮ್ಮ ಸೂಚನೆಯನ್ನು ಹಿಂದೆ ತೆಗೆದುಕೊಂಡರು. ಶೂಟೌಟ್ ಮುಂದುವರಿಯಲಿ ಅಂದರು. ಈಗ ಪ್ರತಿಭಟಿಸುವ ಸರದಿ ಭಾರತದ್ದು. ಗೆದ್ದಾಗಿದೆ, ಸಂಭ್ರಮವೂ ಆಗಿದೆ, ಮತ್ತೆ ಒದೆಯುವುದೇನು ಅಂತ ತಂಡ ಮೈದಾನದಿಂದ ಹೊರಟಿತು. ಮತ್ತೆ ಕಾಯುವಿಕೆ, ಮತ್ತೆ ಮಾತುಕತೆ. ರಾತ್ರಿ ಎರಡೂ ತಂಡಗಳನ್ನು ಜಂಟಿ ಚಾಂಪಿಯನ್ ಅಂತ ಘೋಷಿಸಿದರು.

ಪುಸ್ತಕ ಏನು ಹೇಳುತ್ತದೆ

ಫುಟ್‌ಬಾಲ್‌ನ ನಿಯಮ ಬರೆಯುವುದು ಐಎಫ್‌ಎಬಿ ಅನ್ನುವ ಮಂಡಳಿ. ಅದರ ಪುಸ್ತಕದಲ್ಲಿ 17 ನಿಯಮಗಳಿವೆ. ನಮಗೆ ಬೇಕಾದದ್ದು ಹತ್ತನೆಯದು.

ಹತ್ತನೇ ನಿಯಮದಲ್ಲಿ ನಾಣ್ಯ ಇದೆ. ಒಂದಲ್ಲ, ಎರಡು ಸಲ ಇದೆ. ಶೂಟೌಟ್ ಯಾವ ಗೋಲ್‌ಪೋಸ್ಟ್ ಎದುರು ನಡೆಯಬೇಕು ಅನ್ನುವುದಕ್ಕೆ ಒಂದು ಟಾಸ್. ಮೊದಲು ಒದೆಯಬೇಕೋ ಆಮೇಲೋ ಅಂತ ಆರಿಸಿಕೊಳ್ಳಲು ಇನ್ನೊಂದು. ಎರಡೂ ಶೂಟೌಟ್ ಶುರುವಾಗುವ ಮುಂಚೆ. ಶುರುವಾದ ಮೇಲೆ ನಾಣ್ಯಕ್ಕೆ ಅಲ್ಲಿ ಕೆಲಸವಿಲ್ಲ.

ಎಲ್ಲ ಅರ್ಹ ಆಟಗಾರರೂ ಒಂದು ಸುತ್ತು ಒದೆಯುವವರೆಗೆ ಯಾರೂ ಎರಡನೇ ಸಲ ಒದೆಯುವಂತಿಲ್ಲ. ಸುತ್ತು ಮುಗಿದು ಇನ್ನೂ ಸಮವಾಗಿದ್ದರೆ ಮತ್ತೆ ಮೊದಲಿನಿಂದ ಇನ್ನೊಂದು ಸುತ್ತು. ಬೇಕಾದರೆ ಒದೆಯುವವರ ಸರದಿ ಬದಲಿಸಿಕೊಳ್ಳಬಹುದು. ನಾನು ಮೇಲೆ ಹೇಳಿದ ಒಂದು ಸಾಲು ಇದೇ. ಎಷ್ಟು ಸುತ್ತು ಅನ್ನುವುದಕ್ಕೆ ಮಿತಿಯೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗೆದ್ದವರು ಯಾರು ಅಂತ ತೀರ್ಮಾನವಾಗಲೇಬೇಕಾದ ಪಂದ್ಯ ಸಮವಾದರೆ ಯಾವ ದಾರಿ ಹಿಡಿಯಬಹುದು ಅಂತ ಅದೇ ನಿಯಮ ಹೇಳುತ್ತದೆ. ಹೊರಮೈದಾನದ ಗೋಲಿನ ಲೆಕ್ಕ (ಎರಡು ಪಂದ್ಯಗಳ ಹಣಾಹಣಿಯಲ್ಲಿ ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ), ಹೆಚ್ಚುವರಿ ಸಮಯ, ಪೆನಾಲ್ಟಿ ಕಿಕ್. ಈ ಮೂರೇ. ಹಾಗಾಗಿ ಸ್ಯಾಫ್ ತನ್ನ ಟೂರ್ನಿಯ ನಿಯಮಾವಳಿಯಲ್ಲಿ ಟಾಸ್ ಅಂತ ಬರೆದುಕೊಂಡಿದ್ದರೂ ಅದು ನಿಲ್ಲುತ್ತಿರಲಿಲ್ಲ. ಕಿರಿಯರ ಪಂದ್ಯಗಳಲ್ಲಿ ಆಟದ ಅವಧಿ, ಬದಲಿ ಆಟಗಾರರ ಸಂಖ್ಯೆ ಇಂಥವನ್ನು ಬದಲಿಸಿಕೊಳ್ಳಲು ಅವಕಾಶವಿದೆ. ಗೆದ್ದವರನ್ನು ನಾಣ್ಯದಿಂದ ಆರಿಸಲು ಇಲ್ಲ.

ಇದು ಯಾರೂ ಕಾಣದ ಸಂದರ್ಭವೂ ಆಗಿರಲಿಲ್ಲ. 2006ರ ಆಫ್ರಿಕಾ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಐವರಿ ಕೋಸ್ಟ್ ಮತ್ತು ಕ್ಯಾಮರೂನ್ ಹೀಗೇ 11-11ಕ್ಕೆ ಬಂದು ನಿಂತಿದ್ದವು. ಕೀಪರ್‌ಗಳೂ ಸೇರಿ ಎಲ್ಲರೂ ಹೊಡೆದಿದ್ದರು. ಎರಡನೇ ಸುತ್ತು ಶುರುವಾಯಿತು. ಕ್ಯಾಮರೂನ್‌ನ ಸ್ಯಾಮುಯೆಲ್ ಎಟೊ ಎರಡನೇ ಸಲ ಬಂದು ಹೊರಗೆ ಒದ್ದರು. ದಿದಿಯೆ ದ್ರೋಗ್ಬಾ ಬಂದು ಒಳಗೆ ಹಾಕಿದರು. 12-11, ಮುಗಿಯಿತು. ಕಮಲಾಪುರದಲ್ಲೂ ಹೆಚ್ಚೆಂದರೆ ಇನ್ನು ನಾಲ್ಕೈದು ನಿಮಿಷದ ಕೆಲಸ ಇತ್ತು ಅಂತ ನನಗೆ ಅನ್ನಿಸುವುದು ಇದಕ್ಕೇ. 2021ರ ಯುರೋಪಾ ಲೀಗ್ ಫೈನಲ್ ಕೂಡ ಈ ಹೊಸ್ತಿಲ ತನಕ ಬಂದಿತ್ತು. ಮೊದಲ 21 ಕಿಕ್ ಗೋಲಾಗಿ, 22ನೆಯದನ್ನು ಒದ್ದ ಮ್ಯಾಂಚೆಸ್ಟರ್ ಯುನೈಟೆಡ್ ಕೀಪರ್ ಡೇವಿಡ್ ಡೆ ಹೇಯಾ ತಪ್ಪಿಸಿದ್ದರಿಂದ ವಿಯಾರಿಯಲ್ ಗೆದ್ದಿತು. ಅದಾಗಿ ಇನ್ನೂ ಮೂರು ವರ್ಷ ಕೂಡ ಆಗಿರಲಿಲ್ಲ.

ಟಾಸ್ ಎಲ್ಲಿಂದ ಬಂತು?

ಒಬ್ಬ ಅಧಿಕಾರಿಯ ತಲೆಗೆ ಟಾಸ್ ಹೊಳೆದದ್ದಾದರೂ ಯಾಕೆ? ಇದು ನನ್ನ ಊಹೆ ಅಷ್ಟೆ. ಗುಂಪಿನ ಹಂತದಲ್ಲಿ ಎರಡು ತಂಡಗಳ ಅಂಕ, ಗೋಲು ವ್ಯತ್ಯಾಸ ಎಲ್ಲ ಸಮವಾದರೆ ಕೊನೆಗೆ ಚೀಟಿ ಎತ್ತುವುದು ಬಹಳ ಟೂರ್ನಿಗಳಲ್ಲಿ ಇದೆ. 1990ರ ವಿಶ್ವಕಪ್‌ನಲ್ಲೇ ಐರ್ಲೆಂಡ್ ಮತ್ತು ನೆದರ್‌ಲೆಂಡ್ಸ್ ನಡುವಿನ ಎರಡು, ಮೂರನೇ ಸ್ಥಾನಗಳು ಚೀಟಿಯಿಂದ ತೀರ್ಮಾನವಾದವು. ಆ ಗುಂಪು ಹಂತದ ಲೆಕ್ಕ ಫೈನಲ್‌ನ ಗಡಿಬಿಡಿಯಲ್ಲಿ ನುಗ್ಗಿರಬಹುದು.

ಹಿಂದೆ ನಾಣ್ಯವೇ ತೀರ್ಮಾನ ಮಾಡುತ್ತಿದ್ದ ಕಾಲವೂ ಇತ್ತು. 1968ರ ಜೂನ್ 5, ನೇಪಲ್ಸ್, ಯುರೋಪಿಯನ್ ಚಾಂಪಿಯನ್‌ಷಿಪ್‌ನ ಸೆಮಿಫೈನಲ್. ಇಟಲಿ ಮತ್ತು ಸೋವಿಯತ್ ಒಕ್ಕೂಟ ಹೆಚ್ಚುವರಿ ಸಮಯ ಮುಗಿದರೂ 0-0. ಟಾಸ್ ಹಾಕಿದ್ದು ಒಳಗೆ. ಪ್ರೇಕ್ಷಕರು ಹೊರಗೆ ಕಾಯುತ್ತಾ ಕೂತಿದ್ದರು. ಇಟಲಿಯ ನಾಯಕ ಜಾಚಿಂತೊ ಫಾಕೆತ್ತಿ ಮೈದಾನಕ್ಕೆ ಓಡಿ ಬಂದಾಗಲೇ ಗೆದ್ದವರು ಯಾರು ಅಂತ ಜನಕ್ಕೆ ಗೊತ್ತಾದದ್ದು. ಅದೇ ವರ್ಷದ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲಿ ಇಸ್ರೇಲ್ ಚೀಟಿಯಲ್ಲಿ ಬಲ್ಗೇರಿಯಾಕ್ಕೆ ಸೋತಿತು. ಆ ನೋವಿನಿಂದಲೇ ಇಸ್ರೇಲಿನ ಯೋಸೆಫ್ ದಗಾನ್ ಪೆನಾಲ್ಟಿ ಶೂಟೌಟ್ ಪ್ರಸ್ತಾಪ ತಂದರು. 1970ರಲ್ಲಿ ಐಎಫ್‌ಎಬಿ ಒಪ್ಪಿತು. ಶೂಟೌಟ್ ಹುಟ್ಟಿದ್ದೇ ನಾಣ್ಯವನ್ನು ಹೊರಗೆ ಹಾಕಲು. 54 ವರ್ಷದ ನಂತರ ಅದೇ ಶೂಟೌಟಿನ ನಡುವೆ ನಾಣ್ಯ ಮತ್ತೆ ಒಳಗೆ ಬಂತು ನೋಡಿ.

ತಪ್ಪು ಯಾರದ್ದು ಅನ್ನುವುದಕ್ಕಿಂತ, ಎಲ್ಲಿ ಆಯಿತು?

ಮ್ಯಾಚ್ ಕಮಿಷನರ್ ಅಂದರೆ ಯಾರು? ಟೂರ್ನಿ ನಡೆಸುವ ಸಂಸ್ಥೆಯ ಪ್ರತಿನಿಧಿ. ಪಂದ್ಯದ ಮುಂಚೆ ಎರಡೂ ತಂಡದವರ ಸಭೆ ಕರೆಯುವುದು, ಜೆರ್ಸಿ ಬಣ್ಣ ನೋಡುವುದು, ಆಟಗಾರರ ಪಟ್ಟಿ, ಭದ್ರತೆ, ಆಂಬುಲೆನ್ಸ್ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು, ಆಮೇಲೆ ವರದಿ ಬರೆಯುವುದು. ದೊಡ್ಡ ಜವಾಬ್ದಾರಿಯೇ. ಆದರೆ ಆರನೇ ನಿಯಮದಲ್ಲಿರುವ ಪಂದ್ಯದ ಅಧಿಕಾರಿಗಳ ಪಟ್ಟಿ ತೆಗೆದು ನೋಡಿ. ಸಹಾಯಕ ರೆಫರಿಗಳಿದ್ದಾರೆ, ನಾಲ್ಕನೇ ಅಧಿಕಾರಿ ಇದ್ದಾರೆ, ವಿಡಿಯೊ ನೋಡುವವರೂ ಇದ್ದಾರೆ. ಕಮಿಷನರ್ ಇಲ್ಲ. ಬಿಳಿ ಗೆರೆಯ ಒಳಗಿನ ಆಟಕ್ಕೆ ರೆಫರಿಯೇ ಯಜಮಾನರು ಅಂತ ಐದನೇ ನಿಯಮ ಹೇಳುತ್ತದೆ.

ಕಾಗದದ ಮೇಲೆ ಇದು ಸುಲಭ. ಮೈದಾನದಲ್ಲಿ ಬೇರೆ. ಕಮಿಷನರ್ ಕೋಟು ಹಾಕಿಕೊಂಡು ಗೌರವದ ಕುರ್ಚಿಯಲ್ಲಿ ಕೂತ ಹಿರಿಯರು. ರೆಫರಿಯ ಕೆಲಸದ ಬಗ್ಗೆ ಸಂಸ್ಥೆಗೆ ಹೋಗುವ ಕಾಗದದಲ್ಲಿ ಅವರ ಮಾತಿಗೆ ತೂಕ ಇರುತ್ತದೆ. ಅಂಥವರು ಮೈದಾನದ ಅಂಚಿಗೆ ಬಂದು ಹೀಗೆ ಮಾಡಿ ಅಂದಾಗ, ಇಲ್ಲ ಸರ್, ನಿಯಮ ಹಾಗಿಲ್ಲ ಅನ್ನಲು ಗಟ್ಟಿ ಎದೆ ಬೇಕು. ನಮ್ಮ ಕಡೆಯ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ, ಅಲ್ವಾ? ಕೆಳಗಿನವರಿಗೆ ಸರಿ ಏನು ಅಂತ ಗೊತ್ತಿರುತ್ತದೆ. ಮೇಲಿನವರು ಬೇರೆ ಹೇಳುತ್ತಾರೆ. ಆ ಕ್ಷಣದಲ್ಲಿ ಗೊತ್ತಿದ್ದದ್ದು ಗಂಟಲಲ್ಲೇ ನಿಲ್ಲುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಇದು ನಿಯಮ ಗೊತ್ತಿಲ್ಲದ್ದರಿಂದ ಆದ ಪ್ರಕರಣ ಅಲ್ಲ. ಗೊತ್ತಿದ್ದವರನ್ನು ಗೊತ್ತಿಲ್ಲದವರು ತಡೆದದ್ದರಿಂದ ಆದದ್ದು. ತಂಡಗಳ ಕಡೆಯಿಂದಲೂ ಒಂದು ಕೊರತೆ ಕಾಣುತ್ತದೆ. ನಾಣ್ಯ ಹಾರುವ ಮುಂಚೆಯೇ ಯಾರಾದರೂ ಒಬ್ಬ ಮ್ಯಾನೇಜರ್ ನಾಲ್ಕನೇ ಅಧಿಕಾರಿಯ ಹತ್ತಿರ ಹೋಗಿ, ಇದು ಯಾವ ನಿಯಮ ತೋರಿಸಿ ಅಂತ ಪಟ್ಟು ಹಿಡಿದಿದ್ದರೆ ಸಾಕಿತ್ತು. ಟಾಸ್ ಆಗಿಹೋದ ಮೇಲೆ ಎತ್ತುವ ತಕರಾರು, ಅದು ಎಷ್ಟೇ ನ್ಯಾಯವಾಗಿರಲಿ, ಸೋತವರ ಕೂಗಿನ ಹಾಗೇ ಕೇಳಿಸುತ್ತದೆ.

ತಿದ್ದಲು ಹೋದಾಗ

ಎರಡನೇ ತಪ್ಪು ಇನ್ನೂ ಸಿಕ್ಕುಸಿಕ್ಕಾಗಿದೆ. ಟಾಸ್ ತಪ್ಪು ಅಂತ ಗೊತ್ತಾದ ಮೇಲೆ ಏನು ಮಾಡಬೇಕಿತ್ತು?

ಭಾರತದ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ಪಂದ್ಯದ ಫಲಿತಾಂಶವೂ ಸೇರಿದಂತೆ ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ತೀರ್ಮಾನ ಅಂತಿಮ ಅಂತ ಐದನೇ ನಿಯಮದಲ್ಲೇ ಇದೆ. ಟಾಸ್ ಹಾಕಿದ್ದು ರೆಫರಿ. ಬಾಂಗ್ಲಾದೇಶದ ವಾದ ಅದಕ್ಕಿಂತ ಗಟ್ಟಿ: ಇಲ್ಲದ ವಿಧಾನದಿಂದ ಬಂದದ್ದು ಫಲಿತಾಂಶವೇ ಅಲ್ಲ, ಶೂಟೌಟ್ ಇನ್ನೂ ಮುಗಿದೇ ಇಲ್ಲ. ಭಾರತ ಹೊರಟುಹೋದ ಮೇಲೆ ಅವರ ಕೈಗೆ ಇನ್ನೊಂದು ಅಸ್ತ್ರವೂ ಸಿಕ್ಕಿತು. ಒದೆಯುವ ಸರದಿ ಬಂದಾಗ ಮೈದಾನದಲ್ಲಿ ಇಲ್ಲದ ಆಟಗಾರರಿಗಾಗಿ ಶೂಟೌಟ್ ಕಾಯಬೇಕಿಲ್ಲ, ಆ ಕಿಕ್ ತಪ್ಪಿದ ಹಾಗೇ ಲೆಕ್ಕ ಅಂತ ಹತ್ತನೇ ನಿಯಮ ಹೇಳುತ್ತದೆ. ಅಕ್ಷರಕ್ಕೆ ಅಕ್ಷರ ಹಿಡಿದು ಹೋಗಿದ್ದರೆ ಕಪ್ ಬಾಂಗ್ಲಾದೇಶದ್ದು.

ಆದರೆ ಹಾಗೆ ಕೊಟ್ಟಿದ್ದರೆ ಅದೂ ನ್ಯಾಯ ಅನ್ನಿಸುತ್ತಿರಲಿಲ್ಲ. ಗೆದ್ದಿರಿ ಅಂತ ಅಧಿಕಾರಿಗಳೇ ಹೇಳಿ, ಬಾಟಲಿ ಬಿದ್ದ ಮೇಲೆ ಇಲ್ಲ ಅಂದರೆ, ನಿಯಮ ಬದಲಿಸಿತೋ ಗ್ಯಾಲರಿ ಬದಲಿಸಿತೋ ಅನ್ನುವ ಅನುಮಾನ ಉಳಿದೇ ಉಳಿಯುತ್ತದೆ. ಇನ್ನೊಂದು, ತಣ್ಣಗಾದ ಕಾಲು. ಒಂದು ಗಂಟೆ ಕೂತು ಎದ್ದ ಆಟಗಾರ್ತಿಗೆ ಪೆನಾಲ್ಟಿಯ ಹನ್ನೊಂದು ಮೀಟರ್ ಅದೇ ಹನ್ನೊಂದು ಮೀಟರ್ ಆಗಿ ಉಳಿಯುವುದಿಲ್ಲ. ಐದು ನಿಮಿಷದ ಒಳಗೆ ಆಗಿದ್ದರೆ ಮುಂದುವರಿಸುವುದೇ ಸರಿ ಉತ್ತರ. ಗಂಟೆ ದಾಟಿದ ಮೇಲೆ ಯಾವ ಉತ್ತರವೂ ಪೂರ್ತಿ ಸರಿಯಲ್ಲ.

ಮರುಪಂದ್ಯ? 1968ರಲ್ಲಿ ನಾಣ್ಯದಿಂದ ಫೈನಲ್‌ಗೆ ಬಂದ ಅದೇ ಇಟಲಿ, ಫೈನಲ್ ಸಮವಾದಾಗ ಎರಡು ದಿನ ಬಿಟ್ಟು ಮತ್ತೆ ಆಡಿ ಯುಗೊಸ್ಲಾವಿಯಾವನ್ನು 2-0ರಿಂದ ಸೋಲಿಸಿತು. ಆದರೆ ವಾರದಲ್ಲಿ ನಾಲ್ಕು ಪಂದ್ಯ ಆಡಿ, ಊರಿಗೆ ಹೊರಟು ನಿಂತ ಹುಡುಗಿಯರಿಗೆ ಐದನೆಯದನ್ನು ಹೇರುವುದು? ನಾನಾಗಿದ್ದರೆ ಮಾಡುತ್ತಿರಲಿಲ್ಲ.

ಹೀಗಾಗಿ ಜಂಟಿ ಚಾಂಪಿಯನ್ ಅನ್ನುವುದನ್ನು ಒಪ್ಪುತ್ತೇನೆ, ಆದರೆ ಸಂತೋಷದಿಂದಲ್ಲ. ಅದು ಆಟದ ಫಲಿತಾಂಶ ಅಲ್ಲ, ಆಡಳಿತದ ತಪ್ಪಿಗೆ ಕೊಟ್ಟ ಪರಿಹಾರ. ಅದರ ಖರ್ಚು ಬಿದ್ದದ್ದು ಮಾತ್ರ ಆಡಿದವರ ಮೇಲೆ. ಬಾಂಗ್ಲಾದೇಶ ಗುಂಪಿನ ಮೂರೂ ಪಂದ್ಯ ಗೆದ್ದಿತ್ತು. ಬರೀ ಲೀಗ್ ಆಗಿದ್ದರೆ ನಾಲ್ಕು ದಿನದ ಹಿಂದೆ ಭಾರತವನ್ನು ಸೋಲಿಸಿದ್ದೇ ಸಾಕಾಗುತ್ತಿತ್ತು. ಭಾರತ ಫೈನಲ್‌ನಲ್ಲಿ ಎಂಬತ್ತಕ್ಕೂ ಜಾಸ್ತಿ ನಿಮಿಷ ಮುಂದಿತ್ತು. ಇಬ್ಬರಿಗೂ ಪೂರ್ತಿ ಕಪ್ ಬೇಕಿತ್ತು, ಸಿಕ್ಕಿದ್ದು ಅರ್ಧರ್ಧ.

2019ರ ಕ್ರಿಕೆಟ್ ವಿಶ್ವಕಪ್ ಫೈನಲ್ ನೆನಪಾಗುತ್ತದೆ. ಸೂಪರ್ ಓವರ್ ಕೂಡ ಟೈ ಆಗಿ, ಬೌಂಡರಿ ಲೆಕ್ಕದಲ್ಲಿ ಇಂಗ್ಲೆಂಡ್ ನ್ಯೂಜಿಲೆಂಡನ್ನು ಸೋಲಿಸಿತು. ನಮ್ಮಲ್ಲಿ ಬೈಯದವರೇ ಇಲ್ಲ. ಆದರೂ ಆ ನಿಯಮ ಮೊದಲೇ ಬರೆದಿತ್ತು, ಅದು ಇಬ್ಬರಿಗೂ ಒಂದೇ ಆಗಿತ್ತು. ಕೆಟ್ಟ ನಿಯಮ ಅನ್ನಿ ಬೇಕಾದರೆ, ಬದಲಿಸಿ. ಐಸಿಸಿ ಅದೇ ವರ್ಷ ಬದಲಿಸಿತು ಕೂಡ. ಢಾಕಾದಲ್ಲಿ ಬದಲಿಸಲು ಏನೂ ಇರಲಿಲ್ಲ. ನಿಯಮ ಸರಿಯಾಗೇ ಇತ್ತು.

ಇದಾಗಿ ಸುಮಾರು ಒಂದು ತಿಂಗಳು. 2024ರ ಮಾರ್ಚ್ 10, ನೇಪಾಳ. ಸ್ಯಾಫ್‌ನದ್ದೇ 16 ವರ್ಷದೊಳಗಿನ ಬಾಲಕಿಯರ ಟೂರ್ನಿ, ಫೈನಲ್. ಆಡುತ್ತಿದ್ದದ್ದು ಮತ್ತೆ ಭಾರತ ಮತ್ತು ಬಾಂಗ್ಲಾದೇಶ. ಮೊದಲು ಗೋಲು ಹೊಡೆದದ್ದು ಮತ್ತೆ ಭಾರತ, ಆಮೇಲೆ ಸಮ ಮಾಡಿಕೊಂಡದ್ದು ಮತ್ತೆ ಬಾಂಗ್ಲಾದೇಶ. ಮತ್ತೆ 1-1, ಮತ್ತೆ ಪೆನಾಲ್ಟಿ. ಈ ಸಲ ಬಾಂಗ್ಲಾ ಕೀಪರ್ ಗೋಡೆಯ ಹಾಗೆ ನಿಂತರು. 3-2ಕ್ಕೆ ಆಟ ಮುಗಿಯಿತು, ಕಪ್ ಬಾಂಗ್ಲಾದೇಶಕ್ಕೆ ಹೋಯಿತು. ಶೂಟೌಟಿನ ಮುಂಚಿನ ಟಾಸ್ ಆದ ಮೇಲೆ ನಾಣ್ಯ ರೆಫರಿಯ ಜೇಬಿನಿಂದ ಹೊರಗೆ ಬರಲಿಲ್ಲ.